ಸುಮತಕ್ಕನ ಮಧ್ಯಾಹ್ನದ ಮೌನ

ರೈಲಿನ ಸಿಳ್ಳು ಕೇಳಿದರೆ ಜನರಿಗೆಲ್ಲ ಊರಿಗೆ ಹೋಗಬೇಕೆನಿಸುತ್ತದಂತೆ. ನನಗೆ ಮಾತಾಡಬೇಕೆನಿಸುತ್ತದೆ. ಎದುರಿಗೆ ಯಾರಿದ್ದಾರೆಂದು ನೋಡುವಷ್ಟು ತಾಳ್ಮೆಯೂ ಇರುವುದಿಲ್ಲ. ಮೊನ್ನೆ ಸೊಪ್ಪಿನವಳು ಬುಟ್ಟಿ ಇಳಿಸುತ್ತಿದ್ದ ಹೊತ್ತಿಗೇ ಸಿಳ್ಳು ಕೇಳಿತು. ನನ್ನ ಮಂಡಿನೋವಿನಿಂದ ಹಿಡಿದು ಮೊಮ್ಮಗಳ ಸಂಬಂಧದವರೆಗೆ ಎಲ್ಲವನ್ನೂ ಅವಳಿಗೆ ಒಪ್ಪಿಸಿಬಿಟ್ಟೆ. ಪಾಪ, ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಕೊಟ್ಟು ತಪ್ಪಿಸಿಕೊಂಡು ಹೋದಳು. ನನ್ನ ಮಗ ಇದಕ್ಕೆ ಮುಪ್ಪಿನ ಚಾಳಿ ಅನ್ನುತ್ತಾನೆ. ಅವನಿಗೇನು ಗೊತ್ತು? ಈ ಚಾಳಿ ನನಗೆ ಅಂಟಿದ್ದು ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ, ನಾನಿನ್ನೂ ಹೊಸ ಸೊಸೆಯಾಗಿ ಅನಗೋಳದ ಮನೆಯಲ್ಲಿ ಎಡವಿ ಬೀಳುತ್ತಿದ್ದ ಕಾಲದಲ್ಲಿ. ಅಂಟಿಸಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಸುಮತಕ್ಕ.

ಆಗ ಅನಗೋಳ ಬೆಳಗಾವಿಯೊಳಗೆ ಸೇರಿರಲಿಲ್ಲ. ಅದೇ ಒಂದು ಹಳ್ಳಿ. ಗಂಡಸರು ಬೆಳಿಗ್ಗೆ ಪೇಟೆಯ ಕಾಳಿನ ಅಂಗಡಿಗೆ ನಡೆದು ಹೋಗುತ್ತಿದ್ದರು, ಊಟಕ್ಕೆ ಬಂದು ಮತ್ತೆ ಹೋಗುತ್ತಿದ್ದರು. ಮನೆಯಲ್ಲಿ ನಾವು ಅತ್ತಿ ಅನ್ನುತ್ತಿದ್ದ ಅತ್ತೆ, ಸುಮತಕ್ಕ, ಅವಳ ಸಣ್ಣ ಮಗಳು ಚಂಪಿ, ಮತ್ತು ನಾನು. ನಾನು ಖಾನಾಪುರದವಳು. ಅರ್ಧ ಕನ್ನಡ, ಅರ್ಧ ಮರಾಠಿ, ಮತ್ತು ಪೂರಾ ಬಾಯಿ. ಅತ್ತಿ ನನ್ನ ಹೆಸರನ್ನೇ ಕರೆಯುತ್ತಿರಲಿಲ್ಲ, “ಖಾನಾಪುರದಾಕಿ” ಅನ್ನುತ್ತಿದ್ದರು. ಸುಮತಕ್ಕ ಕಾಕತಿಯ ಕನ್ನಡ ಸಾಲಿ ಮಾಸ್ತರರ ಮಗಳು. ಅವಳು ಬರೆಯುತ್ತಿದ್ದಳು. ಇದು ಗುಟ್ಟಿನ ಮಾತಲ್ಲ. ಅವಳ ತವರಿನ ಟ್ರಂಕಿನೊಳಗೆ ಸೀರೆಗಿಂತ ಕಾಗದವೇ ಹೆಚ್ಚಿತ್ತೆಂದು ಮದುವೆಯಾದ ದಿನವೇ ಓಣಿಗೆಲ್ಲ ಗೊತ್ತಾಗಿತ್ತಂತೆ. ಅತ್ತಿ ಬೇಡ ಅಂದವರಲ್ಲ. “ಬರಿಯವಾ, ಯಾರ ಬ್ಯಾಡಂತಾರ? ಕೆಲಸ ನಿಂದರಬಾರದು, ಅಷ್ಟ,” ಅನ್ನುತ್ತಿದ್ದರು.

ತೊಂದರೆ ಇದ್ದದ್ದೇ ಆ “ಅಷ್ಟ” ಅನ್ನುವುದರಲ್ಲಿ. ನಮ್ಮದು ಜೈನರ ಮನೆ, ಅದರಲ್ಲೂ ಅತ್ತಿಯ ಮನೆ. ಬೆಳಿಗ್ಗೆ ನೀರು ಸೋಸಬೇಕು, ಮಡಿಯುಟ್ಟು ಬಸದಿಗೆ ಹೋಗಿ ಬರಬೇಕು, ಗಂಡಸರ ಊಟಕ್ಕೆ ರೊಟ್ಟಿ ಬಡಿಯಬೇಕು. ಸಂಜೆಯ ಊಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕಾದ್ದರಿಂದ ಮಧ್ಯಾಹ್ನ ಇಳಿಯುತ್ತಲೇ ಮತ್ತೆ ಒಲೆಯ ಮುಂದೆ ಕೂಡಬೇಕು. ಹಾಗಾದರೆ ರಾತ್ರಿ ಬರೆಯಬಾರದೇ ಅನ್ನುತ್ತೀರಿ. ಅದೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ದೀಪಕ್ಕೆ ಹುಳ ಬಂದು ಬೀಳುತ್ತವೆ. ಒಂದು ಕಥೆಗಾಗಿ ಅಷ್ಟು ಜೀವ ತೆಗೆಯುವುದು ಸುಮತಕ್ಕನಿಗೇ ಒಪ್ಪಿಗೆಯಾಗದ ಮಾತು. ಉಂಡ ಪಾತ್ರೆ ತೊಳೆದ ಮೇಲಿನ, ಒಲೆ ಹಚ್ಚುವ ಮುಂಚಿನ ಒಂದು ತುಂಡು ಮಧ್ಯಾಹ್ನ ಮಾತ್ರ ಅವಳ ಪಾಲಿಗೆ ಉಳಿಯುತ್ತಿತ್ತು. ಓಣಿಯ ಹೆಂಗಸರು ಹರಟೆಗೆ ಬರುವ ಹೊತ್ತೂ ಅದೇ.

ಅವಳು ಟಾಕನ್ನು ಮಸಿಯಲ್ಲಿ ಅದ್ದುವಷ್ಟರಲ್ಲಿ ಒಬ್ಬರು ಹೆಪ್ಪು ಕೇಳಿಕೊಂಡು ಬರುತ್ತಿದ್ದರು. ಇನ್ನೊಮ್ಮೆ ಅದ್ದಿದರೆ ಅವಳ ಗಂಡ, ನಮ್ಮ ಭಾವನವರು, ಬಾಗಿಲಲ್ಲಿ ನಿಂತು “ಏ, ನನ್ನ ಟೊಪಗಿ ಎಲ್ಲೈತಿ?” ಅನ್ನುತ್ತಿದ್ದರು. ಟೊಪಗಿ ಗೂಟಕ್ಕೇ ಇರುತ್ತಿತ್ತು. ಅದಿಲ್ಲದಿದ್ದರೆ ನಾನೇ ಹೋಗಿ “ಅಕ್ಕಾ, ಏನ ಬರೀತಿ? ಮುಂದೇನಾತು?” ಅಂತ ಕೇಳುತ್ತಿದ್ದೆ. ಈಗ ನನಗೊಂದು ಬೇರೆ ಕೋಣೆ ಇದೆ, ಮೇಜು ಇದೆ, ಕುರ್ಚಿಗೆ ಮೆತ್ತೆಯೂ ಇದೆ. ಮೂರು ಸಾಲು ಬರೆಯುವುದರೊಳಗೆ ತೂಕಡಿಕೆ ಬರುತ್ತದೆ. ಪಕ್ಕದ ಮನೆಯ ರೇಡಿಯೋ ಮೇಲೆ ತಪ್ಪು ಹೊರಿಸಿ ಎದ್ದುಬಿಡುತ್ತೇನೆ. ಸುಮತಕ್ಕ ಯಾರ ಮೇಲೂ ತಪ್ಪು ಹೊರಿಸಿದ್ದನ್ನು ನಾನು ಎಂದೂ ಕೇಳಿಲ್ಲ.

ಆ ವರ್ಷ ಮಳೆಗಾಲದಲ್ಲಿ ನಮ್ಮಣ್ಣನ ಮಗನನ್ನು ತೊಟ್ಟಿಲಿಗೆ ಹಾಕುತ್ತಾರೆಂದು ನಾವಿಬ್ಬರೂ ಖಾನಾಪುರಕ್ಕೆ ಹೋದೆವು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಊರಿನ ಬಸದಿಯಲ್ಲಿ ಬಿಳಿಸೀರೆಯ ಒಬ್ಬ ವ್ರತಿಕ ಅಮ್ಮನವರು ಚಾತುರ್ಮಾಸಕ್ಕೆ ನಿಂತಿದ್ದರು. ನಮ್ಮವ್ವನ ಕಡೆಯವರೆಲ್ಲ ಹೋಗಿ ಅವರ ಮುಂದೆ ವ್ರತ ಹಿಡಿದು, ಒಬ್ಬರು ಬೆಲ್ಲ ಬಿಟ್ಟರು, ಒಬ್ಬರು ತುಪ್ಪ ಬಿಟ್ಟರು. ತಮಗೆ ಸೇರದ್ದನ್ನೇ ಬಿಟ್ಟವರೂ ಇದ್ದರೆನ್ನಿ. ಸುಮತಕ್ಕನ ಸರದಿ ಬಂದಾಗ ಅವಳು ಕೈಮುಗಿದು, ದಿನಾಲೂ ಮಧ್ಯಾಹ್ನ ಮೌನದ ವ್ರತ ಕೊಡ್ರಿ ಅಂದಳು.

“ಜಪಾ ಮಾಡಾಕೇನವಾ?” ಅಮ್ಮನವರು ಕೇಳಿದರು.

“ಇಲ್ಲರೀ ಅಮ್ಮಾ. ಸುಳ್ಳ ಯಾಕ ಹೇಳ್ಲಿ. ಕಾದಂಬರಿ ಬರಿಯಾಕ.”

ನಾನು ಹಿಂದಿನಿಂದ ಅವಳ ಸೊಂಟ ಚಿವುಟಿದೆ. ಅವಳು ಕದಲಲಿಲ್ಲ. ಅಮ್ಮನವರೂ ಸಿಟ್ಟಾಗಲಿಲ್ಲ. “ಬರದು ಯಾರಿಗರೆ ನೋವು ಮಾಡ್ತಿಯೇನು?” ಅಂದರು.

“ಮಾಡಬಾರದಂತ ಐತ್ರಿ. ಆಗತೈತೋ ಏನೋ, ಬರದ ಮ್ಯಾಲೇ ತಿಳೀಬೇಕು.”

ಅಮ್ಮನವರು ಬೆರಳೆತ್ತಿದರು. “ಮೌನ ಹಿಡದು ಏನ ಮಾಡ್ತಿ ಅನ್ನೂದು ನಿನಗ ಬಿಟ್ಟದ್ದು. ಆದ್ರ ಹಿಡದಿ ಅಂದ್ರ ಮುರೀಬ್ಯಾಡ. ಕೈಸನ್ನಿ ಇಲ್ಲ, ತಲಿ ಅಲ್ಲಾಡಸೂದಿಲ್ಲ, ಬರದು ತೋರಸೂದಿಲ್ಲ. ಬ್ಯಾಡಾದವರು ಬಂದಾಗ ಸುಮ್ಮನಿದ್ದು, ಬೇಕಾದವರು ಬಂದಾಗ ಬಾಯಿ ತಗದಿ ಅಂದ್ರ ಅದು ವ್ರತ ಅಲ್ಲ, ನೆವ. ತಿಳೀತಿಲ್ಲೋ?”

“ತಿಳೀತ್ರಿ,” ಅಂದಳು. ನನಗೂ ಹುರುಪು ಬಂದು “ನನಗೂ ಕೊಡ್ರಿ ಅಮ್ಮಾ” ಅಂದೆ. ಬಸದಿಗೆ ಬಂದಾಗಿನಿಂದ ನನ್ನ ಬಾಯಿಯನ್ನು ಕೇಳಿದ್ದ ಅಮ್ಮನವರು ನಕ್ಕುಬಿಟ್ಟರು. “ನಿನಗ ಬ್ಯಾಡವಾ. ನೀ ಬದಕಬೇಕಲ್ಲ,” ಅಂದರು.

ಮನೆಯಲ್ಲಿ ಗಡಿಯಾರವಿರಲಿಲ್ಲ. ಹಾಗಾಗಿ ಕೆಲಸ ಮುಗಿಸಿ ಟಾಕು ಹಿಡಿದು ಕೂತಲ್ಲಿಂದ, ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ಮಧ್ಯಾಹ್ನದ ಗಾಡಿ ಸಿಳ್ಳು ಹೊಡೆಯುವವರೆಗೆ ಮೌನವೆಂದು ಅವಳೇ ಗೊತ್ತುಮಾಡಿಕೊಂಡಳು. ಗಾಡಿ ತಡವಾದ ದಿನ ಮೌನವೂ ಉದ್ದವಾಗುತ್ತಿತ್ತು. ಅಂಥ ದಿನ ನಾನು ರೈಲಿನವರನ್ನು ಬೈಯುತ್ತಿದ್ದೆ, ಅವಳು ಒಳಗೊಳಗೇ ಹರಸುತ್ತಿದ್ದಳೆಂದು ಕಾಣುತ್ತದೆ. ನನ್ನ ಕೆಲಸ ಬಾಗಿಲ ಕಾವಲು. ಅವಳ ಪಾಲಿನ ಮಾತನ್ನೂ ನಾನೇ ಆಡಿ ಬಂದವರನ್ನು ಸಾಗಹಾಕಬೇಕು, ಅವಳಿಗೆ ಹೇಳಬೇಕಾದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿರಬೇಕು. ಸಿಳ್ಳು ಹೊಡೆದದ್ದೇ ತಡ, ಒಳಗೆ ಓಡಿ ಎಲ್ಲವನ್ನೂ ಸುರಿಯುತ್ತಿದ್ದೆ.

ಅತ್ತಿಗೆ ಇದು ಸ್ವಲ್ಪವೂ ಸೇರಲಿಲ್ಲ. “ಮೌನ ಅನ್ನೂದು ದೇವರಿಗೆ ಮಾಡೂದು. ಕಥಿ ಬರಿಯಾಕ ಎಂಥಾ ಮೌನ? ಇದೆಲ್ಲಾ ನೆವ. ಎಷ್ಟ ದಿನ ನಡೀತೈತಿ ನಾನೂ ನೋಡ್ತೀನಿ,” ಅಂದು, ಪಡಸಾಲೆಯಲ್ಲಿ ಸುಮತಕ್ಕನಿಗೆ ಕಾಣುವ ಹಾಗೆ ಮೊರ ಹಿಡಿದು ಕೂಡತೊಡಗಿದರು. ಕಾಳು ಹಸನು ಮಾಡುವುದು ಹೆಸರಿಗಷ್ಟೇ. ಕಣ್ಣೆಲ್ಲ ಸೊಸೆಯ ತುಟಿಯ ಮೇಲೆ.

ಸೊಸೆ ಗಟ್ಟಿಗಿತ್ತಿ. ಒಂದು ದಿನ ಬಿಸಿಲು ಬಿದ್ದಿತೆಂದು ಅಂಗಳದಲ್ಲಿ ಹಪ್ಪಳ ಹಾಕಿದ್ದೆವು. ಕರು ಹಗ್ಗ ಬಿಚ್ಚಿಕೊಂಡು ಬಂದು ಆರಾಮಾಗಿ ತಿನ್ನತೊಡಗಿತು. ಸುಮತಕ್ಕ “ಹಾಯ್” ಅನ್ನಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಎದ್ದು ಹೋಗಿ ಕರುವಿನ ಕಿವಿ ಹಿಡಿದು ಗೂಟಕ್ಕೆ ಕಟ್ಟಿ ಬಂದು, ಅರ್ಧಕ್ಕೆ ಬಿಟ್ಟ ಶಬ್ದವನ್ನು ಪೂರ್ತಿ ಮಾಡಿದಳು. ಭಾವನವರು ಟೊಪಗಿ ಎಲ್ಲೈತಿ ಅಂತ ಕೇಳಿ, ಉತ್ತರಕ್ಕೆ ಕಾದು, ತಲೆ ಕೆರೆದುಕೊಂಡು, ಕಡೆಗೆ ಗೂಟದ ಕಡೆ ನೋಡಿದರು. ಮದುವೆಯಾದಮೇಲೆ ಅವರು ತಾವಾಗಿ ಹುಡುಕಿಕೊಂಡ ಮೊದಲ ವಸ್ತು ಅದು. ಚಂಪಿ ಆಡಿ ಆಡಿ ಸಾಕಾಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಸಿಳ್ಳು ಹೊಡೆದ ಮೇಲೆ ಸುಮತಕ್ಕನಿಗೆ ಏಳಲು ಆಗುತ್ತಿರಲಿಲ್ಲ, ಕಾಲು ಜೋಮು ಹಿಡಿದಿರುತ್ತಿತ್ತು. “ಆ ಕೂಸಿನ್ನ ಬಾಜೂಕ ಮಲಗಸಬಾರದೇನ?” ಅಂದರೆ, “ಎಚ್ಚರಾತಂದ್ರ ಬರಿಯಾಕ ಹತ್ತಿದ್ದ ಪ್ರಕರಣ ಹೋತು. ಕಾಲಿನ ಜೀವ ಏನು, ತಿರುಗಿ ಬರತೈತಿ,” ಅನ್ನುತ್ತಿದ್ದಳು. ನನಗೆ ಅವಳ ಮೇಲೆ ಎಂಥ ಅಭಿಮಾನವೆಂದರೆ, ಅವಳ ಕಾಲು ತಿಕ್ಕುತ್ತಾ ಕಾದಂಬರಿಯನ್ನು ನಾನೇ ಬರೆದಷ್ಟು ಬೀಗುತ್ತಿದ್ದೆ.

ಇಷ್ಟೆಲ್ಲ ಕಾವಲು ಕಾದರೂ ನನ್ನ ಕೈಮೀರಿ ಒಳಗೆ ನುಗ್ಗಿದವಳು ಎದುರುಮನೆಯ ತಾಯವ್ವ. “ಅಕ್ಕ ಮೌನದಾಗ ಅದಾಳ, ಮಾತಾಡೂದಿಲ್ಲ,” ಅಂದೆ. “ನಾ ಆಕೀನ್ನ ಮಾತಾಡಸಾಕ ಬಂದೀನೇನ? ನಾ ಮಾತಾಡಾಕ ಬಂದೀನಿ,” ಅಂದು ಅವಳ ಮುಂದೆ ಹೋಗಿ ಕೂತೇಬಿಟ್ಟಳು. ಸೊಸೆಯ ಮೇಲಿನ ದೂರು, ಮಗನ ಮೇಲಿನ ದೂರು, ಸತ್ತುಹೋದ ಗಂಡನ ಮೇಲಿನ ದೂರು, ಎಲ್ಲ ಆಯಿತು. ಸುಮತಕ್ಕ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. ತಾಯವ್ವ ಕಣ್ಣೊರೆಸಿಕೊಂಡು ಹೊರಗೆ ಬಂದು “ಎದಿ ಹಗರಾತವಾ. ಎಷ್ಟ ಛಲೋ ಕೇಳ್ತಾಳ ನಿಮ್ಮ ಸುಮತಿ!” ಅಂದಳು. ಮರುದಿನದಿಂದ ಓಣಿಯ ಹೆಂಗಸರೆಲ್ಲ ಬರತೊಡಗಿದರು. ನಡುವೆ ಬಾಯಿ ಹಾಕದ, ಬುದ್ಧಿ ಹೇಳದ, ಇನ್ನೊಬ್ಬರ ಮುಂದೆ ಆಡದ ಹೆಂಗಸು ಅನಗೋಳದಲ್ಲಿ ಅವಳೊಬ್ಬಳೇ ಇರಬೇಕು. ತಪ್ಪಿಸಿಕೊಳ್ಳಲು ಹಿಡಿದ ಮೌನ ಊರನ್ನೇ ಮನೆಯೊಳಗೆ ಕರೆದಂತಾಯಿತು. ನಾನು ತಲೆ ಚಚ್ಚಿಕೊಂಡೆ. ಅವಳು ಮಾತ್ರ ಸಿಳ್ಳಿನ ನಂತರ ನಕ್ಕು, “ಇರಲಿ ಬಿಡ. ನನಗ ಹೊರಗ ಹೋಗಿ ಮಂದಿನ್ನ ನೋಡಾಕ ಎಲ್ಲಿ ಆಗತೈತಿ? ಅವರಾಗೇ ಬರ್ತಾರ,” ಅಂದಳು. ಹೀಗೆ ಅಡೆತಡೆಗಳನ್ನೇ ಬರವಣಿಗೆಗೆ ಹಾಕಿಕೊಂಡು ಅವಳು ಕಾದಂಬರಿ ಮುಗಿಸಿದಳು. ಭಾವನವರು ಅದನ್ನು ಧಾರವಾಡದ ಒಬ್ಬ ಸಂಪಾದಕರಿಗೆ ಕಳಿಸಿಕೊಟ್ಟರು. ಅವರು ಮಾಸಪತ್ರಿಕೆ ನಡೆಸುತ್ತಿದ್ದರು, ಪುಸ್ತಕಗಳನ್ನೂ ಅಚ್ಚು ಹಾಕಿಸುತ್ತಿದ್ದರು. ಸುಮತಕ್ಕ ಕೈಕಟ್ಟಿ ಕೂಡಲಿಲ್ಲ. ಮೌನವೂ ನಿಲ್ಲಲಿಲ್ಲ, ಇನ್ನೊಂದು ಕಥೆ ಶುರುವಾಯಿತು.

ಒಂದು ಮಧ್ಯಾಹ್ನ ಟಾಂಗಾ ಬಂದು ಮನೆಯ ಮುಂದೆ ನಿಂತಿತು. ಕರಿ ಕೋಟು, ರುಮಾಲು, ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ, ಸಾಕ್ಷಾತ್ ಸಂಪಾದಕರು! ಖಾನಾಪುರದಲ್ಲಿ ಬೀಗರ ಮನೆಗೆ ಹೊರಟವರು ಧಾರವಾಡದಿಂದ ಮೋಟಾರಿನಲ್ಲಿ ಬಂದು ಬೆಳಗಾವಿಯಲ್ಲಿ ಇಳಿದು, ಅಂಗಡಿಗೆ ಹೋಗಿ ಭಾವನವರನ್ನೇ ಕರೆದುಕೊಂಡು ಬಂದಿದ್ದರು. ಮುಂದೆ ಹೋಗಬೇಕಾದದ್ದು ಅದೇ ಮಧ್ಯಾಹ್ನದ ಗಾಡಿಗೆ. ಸುಮತಕ್ಕ ಆಗಷ್ಟೇ ಟಾಕು ಹಿಡಿದು ಕೂತಿದ್ದಳು. ಎದ್ದು ನಿಂತು ಕೈಮುಗಿದಳು. ಅಷ್ಟೇ.

“ಬಾಯಾರ, ಕಾದಂಬರಿ ಓದಿದೆ. ಭಾಳ ಛಲೋ ಆಗ್ಯದ,” ಅಂದರು ಸಂಪಾದಕರು. “ನಮ್ಮ ಕಡೆ ಹೆಣ್ಣಮಕ್ಕಳು ಹಿಂಗ ಬರದದ್ದು ನಾ ಕಂಡಿಲ್ಲ. ಆದ್ರ ಆ ಕಡೀ ಪ್ರಕರಣ ಅದಲ್ಲ, ಅದನ್ನ ತಿದ್ದಬೇಕು. ಹೆಂಡತಿ, ಮಕ್ಕಳನ್ನ ಬಿಟ್ಟು ಮುಂಬಯಿಗೆ ಹೋಗಿ ಇನ್ನೊಂದು ಸಂಸಾರ ಹೂಡಿದ ಗಂಡ, ಜಡ್ಡಿನ್ಯಾಗ ತಿರುಗಿ ಬಂದು ಬಾಗಲಾ ಬಡೀತಾನ. ನಿಮ್ಮ ನಾಯಕಿ ಬಾಗಲಾನಽ ತಗಿಯೂದಿಲ್ಲ! ಓದಾವರು ಒಪ್ಪತಾರೇನ್ರಿ? ತಗಸ್ರಿ. ಒಂದ ಪುಟದ ಕೆಲಸ, ನಾನಽ ಬರಕೋತೀನಿ. ನೀವು ಹೂಂ ಅನ್ರಿ, ನಾಳೆ ಅಚ್ಚಿಗೆ ಕೊಡ್ತೀನಿ.”

ಪಡಸಾಲೆಯಲ್ಲಿ ಅತ್ತಿಯ ಮೊರದ ಸದ್ದು ನಿಂತಿತು.

ಅದು ನಮ್ಮ ಮನೆಯದೇ ಕಥೆ. ಇಬ್ಬರು ಗಂಡುಮಕ್ಕಳು ಸಣ್ಣವರಿದ್ದಾಗ ಹತ್ತಿಯ ವ್ಯಾಪಾರವೆಂದು ಮುಂಬಯಿಗೆ ಹೋದ ನಮ್ಮ ಮಾವನವರು ಅಲ್ಲಿಯೇ ಬೇರೆ ಮನೆ ಮಾಡಿ, ಎಷ್ಟೋ ವರ್ಷದ ಮೇಲೆ ಕ್ಷಯ ಹತ್ತಿಸಿಕೊಂಡು ತಿರುಗಿ ಬಂದಿದ್ದರು. ಅತ್ತಿ ಬಾಗಿಲು ತೆಗೆದು, ಒಳಗೆ ಕರೆದು, ಅವರು ತೀರಿಹೋಗುವವರೆಗೆ ಸೇವೆ ಮಾಡಿದ್ದರು. ಮನೆಯಲ್ಲಿ ಯಾರೂ ಎತ್ತದ ಮಾತದು. ತಾಯವ್ವ ಎದೆ ಹಗುರ ಮಾಡಿಕೊಳ್ಳುವ ಭರದಲ್ಲಿ ಅದನ್ನೂ ಸುಮತಕ್ಕನ ಮುಂದೆ ಆಡಿದ್ದಳು. ಓದು ಬಾರದ ಅತ್ತಿಗೆ ಸೊಸೆ ಏನು ಬರೆದಿದ್ದಾಳೆಂದು ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ಈಗ ಪರಊರಿನ ಗಂಡಸಿನ ಬಾಯಿಂದ ಕೇಳಬೇಕಾಯಿತು.

ಸುಮತಕ್ಕ ಅತ್ತಿಯ ಕಡೆ ನೋಡಿದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣು ತುಂಬಿತ್ತು. ಒಂದೇ ಒಂದು ಮಾತು, “ಅತ್ತಿ, ತಪ್ಪ ತಿಳೀಬ್ಯಾಡ್ರಿ” ಅನ್ನುವಷ್ಟು ಮಾತು ಆಡಿದ್ದರೆ ಸಾಕಿತ್ತು. ಅವಳು ತುಟಿ ಬಿಚ್ಚಲಿಲ್ಲ.

“ಅಕ್ಕಂದು ಮೌನ ಐತ್ರಿ,” ಅಂದೆ ನಾನು.

“ಹಂಗಾರ ಬರದು ಕೊಡ್ಲಿ. ಅದೂ ಬ್ಯಾಡ, ತಲಿ ಅಲ್ಲಾಡಿಸಿದ್ರ ಸಾಕು. ಗಾಡಿ ಹೊತ್ತಾತು. ಇವತ್ತು ಒಪ್ಪಗಿ ಸಿಗಲಿಲ್ಲಂದ್ರ ನಾ ಈ ವರ್ಷ ಬ್ಯಾರೆ ಪುಸ್ತಕಾ ಹಿಡೀಬೇಕಾಗ್ತದ.”

“ಏ, ಹೂಂ ಅನ್ನಽ!” ಭಾವನವರು ಸಿಡಿಮಿಡಿಗೊಂಡರು. “ಇಷ್ಟ ದಿನಾ ಬರದದ್ದು ಯಾತಕ್ಕ? ಒಂದ ಸಲ ಮುರದ್ರ ಏನಾಗತೈತಿ?”

ನನಗಂತೂ ಅವಳ ತಲೆ ಹಿಡಿದು ನಾನೇ ಅಲ್ಲಾಡಿಸಿಬಿಡಬೇಕೆನಿಸಿತು. ಅವಳು ಹಾಗೇ ನಿಂತಿದ್ದಳು. ಕಾದಂಬರಿ ಎದುರಿಗಿದ್ದ ಗಂಡಸಿನ ಚೀಲದೊಳಗೆ ಇತ್ತು, ಇನ್ನು ಸ್ವಲ್ಪ ಹೊತ್ತಿಗೆ ಅವನ ಜೊತೆ ಹೊರಟೇ ಹೋಗುತ್ತಿತ್ತು. ಬೇಕಾದವರು ಬಂದಾಗ ಬಾಯಿ ತೆಗೆದರೆ ಅದು ನೆವ ಎಂದು ಖಾನಾಪುರದ ಅಮ್ಮನವರು ಹೇಳಿದ್ದು ನನಗೆ ಆಗ ಪೂರ್ತಿ ತಿಳಿಯಿತು. ಅಳು ಬಂತು ನನಗೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಅತ್ತಿ ಎದ್ದು ಬಂದರು. ಕೈಗೆ ಹತ್ತಿದ ತೌಡನ್ನು ಸೆರಗಿಗೆ ಒರೆಸಿಕೊಂಡರು. ಇನ್ನು ಸಿಡಿಲು ಬೀಳುತ್ತದೆಂದು ನಾನು ಗೋಡೆಗೆ ಆತುಕೊಂಡೆ. ಅವರು ಸೊಸೆಯ ಕಡೆ ನೋಡಲೇ ಇಲ್ಲ.

“ಕುಂದರ್ರಿ,” ಅಂದರು ಸಂಪಾದಕರಿಗೆ. “ಆಕಿ ಮೌನದಾಗ ಅದಾಳ. ಗಾಡಿ ಸಿಳ್ಳ ಹೊಡದಮ್ಯಾಲೆ ಮಾತಾಡ್ತಾಳ.”

“ಅವ್ವಾರ, ನಾ ಹೋಗಬೇಕಾದದ್ದಽ ಆ ಗಾಡಿಗೆ!”

“ಹಂಗಾರ ಹೋಗ್ರಿ. ಇಲ್ಲಾಂದ್ರ ಕುಂದರ್ರಿ. ಆಕಿ ವ್ರತಾ ಮಾತ್ರ ಮುರಿಸಬ್ಯಾಡ್ರಿ.”

“ಅವ್ವಾ, ಇದೆಲ್ಲಾ ನೆವ ಅಂತ ನೀನಽ ಅಂತಿದ್ದಿ,” ಅಂದರು ಭಾವನವರು.

“ಅಂತಿದ್ದೆ. ಇವತ್ತ ಕಣ್ಣಾರೆ ನೋಡೀನಿ.”

ಸಂಪಾದಕರು ಕೋಟಿನ ಕಿಸೆಯಿಂದ ಗಡಿಯಾರ ತೆಗೆದು ನೋಡಿದರು, ಟಾಂಗಾದ ಕಡೆ ನೋಡಿದರು, ಸುಮತಕ್ಕನನ್ನು ನೋಡಿದರು. ಆಮೇಲೆ ರುಮಾಲು ತೆಗೆದು ಬದಿಗಿಟ್ಟು ಚಾಪೆಯ ಮೇಲೆ ಕೂತರು. ಧಾರವಾಡದ ದೊಡ್ಡ ಮನುಷ್ಯ ನಮ್ಮ ಮನೆಯ ಸೊಸೆಯ ಹೊತ್ತಿಗಾಗಿ ಕಾಯುತ್ತಾ ಕೂಡುವುದೆಂದರೇನು! ಅತ್ತಿ ಅವರ ಮುಂದೆ ಅವಲಕ್ಕಿ, ಬೆಲ್ಲದ ನೀರು ಇಟ್ಟು, ಮತ್ತೆ ಮೊರದ ಮುಂದೆ ಕೂತರು. ಸುಮತಕ್ಕನೂ ಕೂತು ಟಾಕು ಕೈಗೆತ್ತಿಕೊಂಡಳು, ಆದರೆ ಬರೆಯಲಿಲ್ಲ. ಆ ಹೊತ್ತು ನಾನು ಕೂಡ ಸುಮ್ಮನಿದ್ದೆ. ಖಾನಾಪುರದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕಡೆಗೆ ಸಿಳ್ಳು ಹೊಡೆಯಿತು. ಸಂಪಾದಕರು ತಮ್ಮನ್ನು ಬಿಟ್ಟು ಹೋದ ಗಾಡಿಯ ದಿಕ್ಕಿಗೆ ಒಮ್ಮೆ ನೋಡಿ, “ಈಗರೆ ಹೇಳ್ರಿ ಬಾಯಾರ,” ಅಂದರು.

ಸುಮತಕ್ಕ ಎದ್ದು ಪಡಸಾಲೆಗೆ ಬಂದು ಅತ್ತಿಯ ಮುಂದೆ ನೆಲಕ್ಕೆ ಕೂತಳು.

“ಅತ್ತಿ, ನೋಯಿಸಬೇಕಂತ ಬರೀಲಿಲ್ಲರೀ. ನೀವು ಹೇಳ್ರಿ. ಬಾಗಲಾ ತಗಸಲೇನು? ಬ್ಯಾಡಂದ್ರ ಆ ಕಾಗದ ಒಲಿಗೇ ಹಾಕತೀನಿ, ಖರೇನ ಹಾಕತೀನಿ.”

ಅತ್ತಿ ಮೊರದೊಳಗಿನ ಒಂದು ಕಲ್ಲು ಆರಿಸಿ ಹೊರಗೆ ಎಸೆದರು. ಮತ್ತೊಂದು ಎಸೆದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದೆವು.

“ನಾ ತಗದೆ,” ಅಂದರು. “ತಗದದ್ದಕ್ಕ ಏನಾತು, ಅದು ನನಗ ಗೊತ್ತೈತಿ. ತಗೀದಿದ್ರ ಏನಾಗತಿತ್ತು ಅನ್ನೂದು ಗೊತ್ತಿಲ್ಲ. ನಿನ್ನಾಕಿ ತಗಿಯೂದು ಬ್ಯಾಡ. ನೋಡೂಣು.”

ಸಂಪಾದಕರು ಚೀಲದ ಬಾಯಿ ಕಟ್ಟಿದರು. “ಇರಲಿ ಬಿಡ್ರಿ. ಹಂಗಽ ಇರಲಿ,” ಅಂದರು ಮೆಲ್ಲಗೆ. ಹೊತ್ತು ಮುಳುಗುವುದರೊಳಗೆ ನಮ್ಮ ಜೊತೆ ಉಂಡು, ಭಾವನವರೊಂದಿಗೆ ಪೇಟೆಗೆ ಹೋಗಿ, ಮರುದಿನದ ಗಾಡಿಗೆ ಖಾನಾಪುರಕ್ಕೆ ಹೋದರು.

ಚಳಿ ಬೀಳುವ ಹೊತ್ತಿಗೆ ಪುಸ್ತಕ ಬಂತು. ಒಂದು ಮಧ್ಯಾಹ್ನ ಸುಮತಕ್ಕ ಒಳಗೆ ಮೌನದಲ್ಲಿದ್ದಾಗ ಅತ್ತಿ ನನ್ನನ್ನು ಸನ್ನೆ ಮಾಡಿ ಹಿತ್ತಲಿಗೆ ಕರೆದು, “ಆ ಕಡೀದು ಅಷ್ಟ ಓದು,” ಅಂದರು. ನಾನು ದನಿ ಇಳಿಸಿ ಓದಿದೆ. ಗಂಡ ಬಾಗಿಲು ಬಡಿಯುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಒಳಗೆ ಅವಳು ಮಕ್ಕಳನ್ನು ತಬ್ಬಿಕೊಂಡು ಕೂತಿದ್ದಾಳೆ, ಅಗಳಿಯ ಕಡೆ ಕೈ ಹೋಗುವುದಿಲ್ಲ. ಓದು ಮುಗಿದ ಮೇಲೆ ಅತ್ತಿ ಆ ಪುಟದ ಮೇಲೆ ಕೈಯಾಡಿಸಿದರು.

“ಹೊರಗ ಮಳಿ ಇತ್ತೇನು?” ಅಂತ ಕೇಳಿದರು.

ನಾನು ಪುಟ ತಿರುವಿ ನೋಡಿದೆ. “ಇತ್ರಿ ಅತ್ತಿ. ಜೋರ ಮಳಿ.”

“ನೆನೀಲಿ,” ಅಂದರು ಅತ್ತಿ.